ಸಿಹಿ ಬಿಟ್ಟ ದ್ರಾಕ್ಷಿ: ಕಾಖೇತಿಯ ನಾಲ್ಕು ಸುಗ್ಗಿಗಳ ಪಾಠ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆ. ಅಪ್ಪನದು ಆರು ಎಕರೆ ದ್ರಾಕ್ಷಿ, ಅಷ್ಟೂ ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ, ಹೋಗುವ ಥಾಮ್ಸನ್ ತಳಿ. ಅಕ್ಟೋಬರ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿಸಿದರೆ ಫೆಬ್ರುವರಿ, ಮಾರ್ಚ್‌ನಲ್ಲಿ ಕಟಾವು. ಆಮೇಲೆ ಶೆಡ್ಡಿನ ಬಲೆಗಳ ಮೇಲೆ ಎರಡು ವಾರ ಒಣಗುವ ಹಣ್ಣನ್ನು ಮಗುವಿನಂತೆ ಕಾಯಬೇಕು. ನಮ್ಮ ಮನೆಯಲ್ಲಿ ಒಳ್ಳೆಯ ಹಣ್ಣು ಎಂದರೆ ಸಿಹಿ ಹಣ್ಣು. ಬೇರೆ ಅಳತೆಯೇ ಇರಲಿಲ್ಲ.

ನಾನು ವೈನ್ ಕೆಲಸಕ್ಕೆ ಇಳಿದೆ. ನಾಸಿಕ್ ಹತ್ತಿರದ ಒಂದು ವೈನರಿಯ ಲ್ಯಾಬಿನಲ್ಲಿ ಮೂರು ವರ್ಷ ದುಡಿದು, ಆಮೇಲೆ ಜಾರ್ಜಿಯಾ ದೇಶದ ಕಾಖೇತಿ ಪ್ರಾಂತದಲ್ಲಿ ನಾಲ್ಕು ಸುಗ್ಗಿ ಮಾಡಿದೆ. ಉತ್ತರಕ್ಕೆ ಹಿಮ ಹೊತ್ತ ಕಾಕಸಸ್ ಬೆಟ್ಟ, ದಕ್ಷಿಣಕ್ಕೆ ಗೊಂಬೋರಿ ಬೆಟ್ಟಸಾಲು, ನಡುವೆ ಅಲಜಾನಿ ನದಿಯ ಬಯಲು. ಆ ಬಯಲಿನಲ್ಲಿ ತೆಲಾವಿ ಪಟ್ಟಣ, ಅದಕ್ಕೆ ಹತ್ತಿರದಲ್ಲೇ ತ್ಸಿನಂದಾಲಿ ಎಂಬ ಹಳ್ಳಿ. ಆ ಹಳ್ಳಿಯ ಹೆಸರನ್ನೇ ಹೊತ್ತ ಡ್ರೈ ವೈಟ್ ವೈನ್ ಮಾಡುವ ಸೆಲ್ಲಾರಿನಲ್ಲಿ ನನ್ನ ಕೆಲಸ. ಆ ವೈನ್ ನನಗೆ ಕಲಿಸಿದ್ದನ್ನು ಕಲಿತ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ‘ಡ್ರೈ’ ಎಂಬ ಮಾತನ್ನು ಮೊದಲು ಸರಿಯಾಗಿ ತಿಳಿಯಬೇಕು

ನಮ್ಮೂರಲ್ಲಿ ಒಣದ್ರಾಕ್ಷಿ ಎಂದರೆ ಸಿಹಿಯೇ ಗಟ್ಟಿಯಾದದ್ದು. ವೈನಿನಲ್ಲಿ ಡ್ರೈ ಎಂದರೆ ಅದರ ನೇರ ವಿರುದ್ಧ: ರಸದಲ್ಲಿದ್ದ ಸಕ್ಕರೆಯನ್ನು ಈಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದು ಮುಗಿಸಿದೆ ಎಂದರ್ಥ. ಲೀಟರಿಗೆ 4 ಗ್ರಾಂಗಿಂತ ಕಡಿಮೆ ಸಕ್ಕರೆ ಉಳಿದರೆ ಸಾಮಾನ್ಯವಾಗಿ ಡ್ರೈ ಎನ್ನುತ್ತಾರೆ. ಜಾರ್ಜಿಯನ್ ಭಾಷೆಯಲ್ಲೂ ಇದಕ್ಕೆ ‘ಮ್ಶ್ರಾಲಿ’, ಅಂದರೆ ಒಣ, ಎಂಬ ಮಾತೇ ಇದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಹಣ್ಣಿನಲ್ಲಿ ನಾವು ಮೆಚ್ಚಿದ ಸಿಹಿ ಬಾಟಲಿಗೆ ಬರುವ ಹೊತ್ತಿಗೆ ಬೇರೆಯೇ ವಸ್ತುವಾಗಿರುತ್ತದೆ.

ಸಿಹಿ ಹೋದ ಮೇಲೆ ಬಾಯಲ್ಲಿ ಏನಿರುತ್ತದೆ? ಹುಳಿ, ಪರಿಮಳ, ತುಸು ಒಗರು, ಮತ್ತು ನಾವು ಮಾಡಿದ ಪ್ರತಿಯೊಂದು ತಪ್ಪು. ಸಿಹಿ ವೈನಿನಲ್ಲಿ ಸಣ್ಣ ದೋಷಗಳು ಸಕ್ಕರೆಯ ಮರೆಯಲ್ಲಿ ಕೂತುಬಿಡುತ್ತವೆ. ಡ್ರೈ ವೈಟ್‌ನಲ್ಲಿ ಅಂಥ ಮರೆ ಇಲ್ಲ. ರೆಡ್ ವೈನಿಗಿರುವ ಸಿಪ್ಪೆಯ ಗಟ್ಟಿ ಒಗರೂ ಇದಕ್ಕಿಲ್ಲ.

2. ಶುಗರ್ ಮೀಟರ್ ಒಂದನ್ನೇ ನಂಬಿ ಕೊಯ್ಯಬಾರದು

ಈ ಪಾಠಕ್ಕೆ ನಾನು ದೊಡ್ಡ ಬೆಲೆ ಕೊಟ್ಟಿದ್ದೇನೆ. ಅಪ್ಪ ಕಟಾವಿಗೆ ಮೊದಲು ಕಣ್ಣಿಗೆ ಶುಗರ್ ಮೀಟರ್ ಹಿಡಿದು ನಿಂತರೆ ಮನೆಯವರೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆವು. ರಸದ ಸಕ್ಕರೆಯ ಅಳತೆ 22 ಬ್ರಿಕ್ಸ್ ದಾಟಿದರೆ ಮುಖ ಅರಳುತ್ತಿತ್ತು. ಸ್ವಲ್ಪ ಕಡಿಮೆ ಬಿದ್ದರೆ, “ಹುಳಿ ಇನ್ನಾ ಹೋಗಿಲ್ಲ, ನಾಕ ದಿನ ಬಿಡೂಣು” ಎನ್ನುತ್ತಿದ್ದರು. ಮಣೂಕಕ್ಕೆ ಆ ಮಾತು ಸರಿ. ಹುಳಿ ಹೋಗಬೇಕು, ತಿರುಳು ತುಂಬಬೇಕು, ತೂಕ ಬರಬೇಕು.

ಮೂರನೆಯ ಸುಗ್ಗಿಯಲ್ಲಿ ಸೆಲ್ಲಾರಿನವರು ರ್ಕತ್ಸಿತೆಲಿ ತಳಿಯ ಒಂದು ತುಂಡು ತೋಟದ ಕೊಯ್ಲಿನ ತೀರ್ಮಾನ ನನಗೆ ಬಿಟ್ಟರು. ತ್ಸಿನಂದಾಲಿಯ ಜೀವಾಳ ಈ ತಳಿ. ಹೆಸರಿನ ಅರ್ಥ ಕೆಂಪು ಕೊಂಬು. ಚಿಗುರಿನ ಕಡ್ಡಿ ಕೆಂಪಾಗಿರುವುದರಿಂದ ಹಾಗೆ ಕರೆಯುತ್ತಾರೆ. ಚಳಿ ತಡೆಯುತ್ತದೆ, ಮಾಗಿದ ಮೇಲೂ ಹುಳಿಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಆ ಖ್ಯಾತಿಯನ್ನು ನಾನು ಹೆಚ್ಚಾಗಿಯೇ ನಂಬಿದೆ. ಸೆಪ್ಟೆಂಬರ್ ಕೊನೆಗೆ 21 ಬ್ರಿಕ್ಸ್ ಇತ್ತು. ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುತ್ತಿತ್ತು. ನನ್ನೊಳಗಿನ ತಿಕೋಟಾ ಮಾತಾಡಿತು: ನಾಕ ದಿನ ಬಿಡೂಣು.

ನಾಲ್ಕು ದಿನ ಎಂದದ್ದು ಒಂಬತ್ತಾಯಿತು. ಆ ಒಂಬತ್ತೂ ದಿನ ಬಿಸಿಲು, ರಾತ್ರಿಯೂ ಬೆಚ್ಚಗೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿಗಳಿವೆ. ಹಸಿರು ಸೇಬಿನಲ್ಲೂ ಇರುವ ಮ್ಯಾಲಿಕ್ ಆಮ್ಲವನ್ನು ಹಣ್ಣು ತನ್ನ ಉಸಿರಾಟಕ್ಕೇ ಸುಟ್ಟುಕೊಳ್ಳುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ಟಾರ್ಟಾರಿಕ್ ಆಮ್ಲ ಅಷ್ಟು ಸುಲಭಕ್ಕೆ ಅಲುಗುವುದಿಲ್ಲ. ನಾನು ಕೊಯ್ಯುವ ಹೊತ್ತಿಗೆ ಸಕ್ಕರೆ 24ಕ್ಕೆ ಏರಿತ್ತು, ಪಿಎಚ್ 3.2ರಿಂದ 3.6ರ ಹತ್ತಿರ ಬಂದಿತ್ತು. ಹುದುಗು ಮುಗಿದ ಮೇಲೆ ಆ ಟ್ಯಾಂಕಿನ ವೈನ್ ದಪ್ಪಗೆ, ಬಿಸಿಯಾಗಿ, ಉಪ್ಪಿಲ್ಲದ ಸಾರಿನಂತೆ ನಾಲಿಗೆಯ ಮೇಲೆ ಸುಮ್ಮನೆ ಮಲಗಿತ್ತು. ಹೊರಗಿನಿಂದ ಆಮ್ಲ ಸೇರಿಸಿ ಸರಿಪಡಿಸಲು ನೋಡಿದೆವು. ಸೇರಿಸಿದ ಹುಳಿ ಬೇರೆಯಾಗಿಯೇ ನಿಂತಿತು. ಕೊನೆಗೆ ಆ ಟ್ಯಾಂಕು ಹೆಸರಿಲ್ಲದ ಅಗ್ಗದ ಮಿಶ್ರಣಕ್ಕೆ ಹೋಯಿತು. ಒಂದು ವರ್ಷ ಬಳ್ಳಿ ಕಾದವರ ದುಡಿಮೆ ಅದು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಈಗ ಸಾಲಿನಲ್ಲಿ ನಡೆಯುವಾಗ ಮೀಟರ್ ಜೇಬಿನಲ್ಲೇ ಇರುತ್ತದೆ. ಮೊದಲು ಕಾಳು ಬಾಯಿಗೆ. ಸಿಪ್ಪೆ ಅಗಿದು, ಬೀಜ ಕಚ್ಚಿ ನೋಡುತ್ತೇನೆ. ಬೀಜ ಕಂದುಬಣ್ಣಕ್ಕೆ ತಿರುಗಿ ಕಟುಂ ಎಂದು ಮುರಿಯಬೇಕು, ಆದರೆ ಬಾಯಿಯ ಇಕ್ಕೆಲದಲ್ಲಿ ನೀರು ಒಸರುವುದು ನಿಲ್ಲಬಾರದು. ಆಮೇಲೆ ಸಕ್ಕರೆ, ಪಿಎಚ್, ಒಟ್ಟು ಆಮ್ಲ ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿಡುತ್ತೇನೆ. ಬಿಸಿ ರಾತ್ರಿಗಳ ಮುನ್ಸೂಚನೆ ಇದ್ದರೆ ಒಂದು ಬ್ರಿಕ್ಸ್ ಬಿಟ್ಟುಕೊಟ್ಟು ಮೊದಲೇ ಕೊಯ್ಯುತ್ತೇನೆ.

3. ಬಿಸಿಲೇರುವ ಮೊದಲು ಹಣ್ಣು ಒಳಗಿರಬೇಕು

ಸುಗ್ಗಿಗೆ ಅಲ್ಲಿ ‘ರ್ತ್ವೆಲಿ’ ಎನ್ನುತ್ತಾರೆ. ನೆಂಟರು, ಊರು ಬಿಟ್ಟು ರಾಜಧಾನಿ ತ್ಬಿಲಿಸಿ ಸೇರಿದ ಮಕ್ಕಳು, ಎಲ್ಲರೂ ಬರುತ್ತಾರೆ. ಹಾಡು, ಊಟ ಎಲ್ಲ ಇರುತ್ತದೆ. ಆದರೆ ವೈಟ್ ವೈನಿನ ಹಣ್ಣಿಗೆ ಬೆಳಕು ಹರಿಯುವ ಹೊತ್ತೇ ಹೊತ್ತು. ಮಧ್ಯಾಹ್ನ ಕೊಯ್ದ ಬಿಸಿ ಹಣ್ಣು ಕ್ರೇಟಿನಲ್ಲೇ ಒಡೆದು ರಸ ಬಿಡುತ್ತದೆ, ಗಾಳಿಗೆ ಕಂದಾಗುತ್ತದೆ, ಬೇಡದ ಹುದುಗು ಅಲ್ಲೇ ಶುರುವಾಗುತ್ತದೆ. ಕ್ರೇಟನ್ನು ಅಂಚಿನವರೆಗೆ ತುಂಬಬೇಡಿ. ಕೊಳೆತ ಗೊಂಚಲನ್ನು ಬಳ್ಳಿಯ ಬುಡದಲ್ಲೇ ಬಿಡಿ. ಸೆಲ್ಲಾರಿನಲ್ಲಿ ಆರಿಸಿದರಾಯಿತು ಎಂದುಕೊಂಡರೆ ಅಷ್ಟರಲ್ಲಿ ತಡವಾಗಿರುತ್ತದೆ.

4. ಹೂತಿಟ್ಟ ಮಡಕೆಯ ವೈನೂ ತ್ಸಿನಂದಾಲಿಯೂ ಬೇರೆ ಬೇರೆ

ಜಾರ್ಜಿಯಾ ಎಂದ ಕೂಡಲೇ ವೈನ್ ಪ್ರಿಯರು ‘ಕ್ವೆವ್ರಿ’ ಎನ್ನುತ್ತಾರೆ. ಕೋಳಿಮೊಟ್ಟೆಯ ಆಕಾರದ ದೊಡ್ಡ ಮಣ್ಣಿನ ಪಾತ್ರೆ, ಬಾಯಿ ಮಾತ್ರ ಕಾಣುವಂತೆ ನೆಲದಲ್ಲಿ ಹೂತಿರುತ್ತದೆ. ಒಳಮೈಗೆ ಜೇನುಮೇಣ ಸವರಿರುತ್ತಾರೆ. ಕಾಖೇತಿಯ ಹಳೆಯ ಪದ್ಧತಿಯಲ್ಲಿ ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜ, ಕಡ್ಡಿಗಳ ಸಮೇತ ಅದರೊಳಗೆ ಬಿಟ್ಟು ಐದಾರು ತಿಂಗಳು ಇಡುತ್ತಾರೆ. ವಸಂತದಲ್ಲಿ ತೆರೆದರೆ ಗಟ್ಟಿ ಚಹಾದ ಡಿಕಾಕ್ಷನ್ನಿನ ಬಣ್ಣ, ನಾಲಿಗೆ ಹಿಡಿಯುವ ಒಗರು. ಯುನೆಸ್ಕೋ 2013ರಲ್ಲಿ ಈ ವಿಧಾನವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ತ್ಸಿನಂದಾಲಿ ಅದೇ ಮಣ್ಣಿನ, ಅದೇ ದ್ರಾಕ್ಷಿಯ ಇನ್ನೊಂದು ದಾರಿ. ಹಣ್ಣನ್ನು ಒತ್ತಿ ರಸವನ್ನು ಸಿಪ್ಪೆಯಿಂದ ಬೇಗ ಬೇರ್ಪಡಿಸಿ, ರಸವೊಂದನ್ನೇ ಹುದುಗಿಸುವ ಯುರೋಪಿನ ಕ್ರಮ. ಬಣ್ಣ ತಿಳಿ ಒಣಹುಲ್ಲಿನದು. ಈ ಕ್ರಮ ಇಲ್ಲಿ ಬೇರೂರಿದ ಕಥೆಯಲ್ಲಿ ಒಬ್ಬ ಕವಿ ಇದ್ದಾನೆ. ಕುಲೀನ ಮನೆತನದ ಅಲೆಕ್ಸಾಂಡರ್ ಚಾವ್ಚಾವಾದ್ಜೆ (1786–1846) ತನ್ನ ತ್ಸಿನಂದಾಲಿ ಬಂಗಲೆಯ ಬಳಿ ಯುರೋಪಿನ ಮಾದರಿಯಲ್ಲಿ ಸೆಲ್ಲಾರು ಕಟ್ಟಿಸಿದ. ಆತನ ಮಗಳು ನೀನೋ ರಷ್ಯದ ನಾಟಕಕಾರ ಗ್ರಿಬೊಯೆದೊವ್‌ನನ್ನು 1828ರಲ್ಲಿ ಮದುವೆಯಾದಳು. ಮರುವರ್ಷವೇ ಅವನು ತೆಹರಾನಿನಲ್ಲಿ ಕೊಲೆಯಾದ, ಅವಳು ಮತ್ತೆ ಮದುವೆಯಾಗಲಿಲ್ಲ. 1854ರಲ್ಲಿ ಬೆಟ್ಟದಾಚೆಯ ನಾಯಕ ಶಾಮಿಲನ ಪಡೆ ಈ ಮನೆಗೆ ನುಗ್ಗಿ ಹೆಂಗಸರು ಮಕ್ಕಳನ್ನು ಸೆರೆ ಒಯ್ದಿತು. ಮುಂದೆ ಜಮೀನು ಕುಟುಂಬದ ಕೈತಪ್ಪಿ ರಷ್ಯದ ಚಕ್ರವರ್ತಿಯ ಪಾಲಾಯಿತು. ತ್ಸಿನಂದಾಲಿ ಎಂಬ ಹೆಸರಿನಲ್ಲಿ ವೈನ್ ಹೊರಬರತೊಡಗಿದ್ದು 1886ರಿಂದ. ಬಂಗಲೆ ಈಗ ಮ್ಯೂಸಿಯಂ. ಅದರ ನೆಲಮಾಳಿಗೆಯಲ್ಲಿ 1841ರ ಸಪೆರಾವಿ ಎಂಬ ಕೆಂಪು ವೈನಿನ ಬಾಟಲಿಗಳು ಇನ್ನೂ ಮಲಗಿವೆ. ರಜೆ ಸಿಕ್ಕಾಗಲೆಲ್ಲ ನಾನು ಹೋಗಿ ಆ ತೋಟದ ಮರಗಳ ಕೆಳಗೆ ಕೂರುತ್ತಿದ್ದೆ.

ಹಳೆಯದು ಮಾತ್ರ ಅಸಲಿ, ಟ್ಯಾಂಕಿನದು ನಕಲಿ ಎಂದು ವಾದಿಸುವವರು ಬಹಳ. ನಾನು ಒಪ್ಪುವುದಿಲ್ಲ. ನಾವಿದ್ದ ಮನೆಯ ಪಕ್ಕದ ಹಿರಿಯರೊಬ್ಬರನ್ನು ಎಲ್ಲರಂತೆ ನಾನೂ ‘ಬಿಡ್ಜಿಯಾ’ ಎನ್ನುತ್ತಿದ್ದೆ, ನಮ್ಮ ಕಡೆ ಕಾಕಾ ಅಂದಂತೆ. ಅವರ ಮನೆಯ ಮರಾನಿಯಲ್ಲಿ, ಅಂದರೆ ವೈನ್ ಕೋಣೆಯಲ್ಲಿ, ಐದು ಕ್ವೆವ್ರಿಗಳಿದ್ದವು. ಸೋವಿಯತ್ ಕಾಲದಲ್ಲಿ ಕಾರ್ಖಾನೆಗಳು ಟನ್ನುಗಟ್ಟಲೆ ಲೆಕ್ಕದಲ್ಲಿ ವೈನ್ ಕೇಳಿದಾಗ ಕೆಲವೇ ತಳಿಗಳು ತೋಟಗಳನ್ನು ತುಂಬಿದವು. ಗೋರ್ಬಚೇವ್ 1985ರಲ್ಲಿ ಮದ್ಯದ ವಿರುದ್ಧ ಅಭಿಯಾನ ಶುರುಮಾಡಿದಾಗ ಬಳ್ಳಿಗಳನ್ನೇ ಕಿತ್ತರು. 2006ರಲ್ಲಿ ರಷ್ಯ ಜಾರ್ಜಿಯಾದ ವೈನನ್ನು ನಿಷೇಧಿಸಿತು, 2013ರವರೆಗೆ ಅದು ತೆರವಾಗಲಿಲ್ಲ. ಇಷ್ಟೆಲ್ಲದರ ನಡುವೆ ಕ್ವೆವ್ರಿ ಉಳಿದದ್ದು ಬಿಡ್ಜಿಯಾರಂಥವರ ಮನೆಗಳಲ್ಲಿ. ಆ ಬಿಡ್ಜಿಯಾ ಸ್ವತಃ ಬೇಸಿಗೆ ಮಧ್ಯಾಹ್ನದ ಊಟಕ್ಕೆ ಬಯಸುತ್ತಿದ್ದದ್ದು ನಮ್ಮ ಸೆಲ್ಲಾರಿನ ತಣ್ಣನೆಯ ತ್ಸಿನಂದಾಲಿಯನ್ನು. “ಚಳಿಗಾಲಕ್ಕೆ ನನ್ನದು, ಬಿಸಿಲಿಗೆ ನಿಮ್ಮದು” ಎನ್ನುತ್ತಿದ್ದರು.

5. ಕೊನೆಯ ಹತ್ತು ಗ್ರಾಂ ಸಕ್ಕರೆ ನಿದ್ದೆ ಕೆಡಿಸುತ್ತದೆ

ಒತ್ತಿದ ರಸವನ್ನು ಒಂದು ರಾತ್ರಿ ತಣ್ಣಗಿಟ್ಟು ಗಸಿ ಕೂರಿಸಿ, ತಿಳಿಯನ್ನು ಬೇರೆ ಟ್ಯಾಂಕಿಗೆ ಹಾಯಿಸಿ ಈಸ್ಟ್ ಹಾಕುತ್ತೇವೆ. 15, 16 ಡಿಗ್ರಿಯಲ್ಲಿ ಎರಡು ಮೂರು ವಾರ ನಿಧಾನಕ್ಕೆ ಹುದುಗಬೇಕು. ಬಿಸಿ ಹೆಚ್ಚಾದರೆ ಪರಿಮಳವೆಲ್ಲ ಗುಳ್ಳೆಗಳ ಜತೆ ಹಾರಿಹೋಗುತ್ತದೆ. ಬೆಳಿಗ್ಗೆ ಸಂಜೆ ಸಾಂದ್ರತೆ ಅಳೆದು ಟ್ಯಾಂಕಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. 1.090ರಿಂದ ಶುರುವಾದ ಅಂಕಿ ದಿನದಿನ ಇಳಿಯುವುದನ್ನು ನೋಡುವುದು ಸಂತೋಷ.

ಕಷ್ಟ ಇರುವುದು ಕೊನೆಗೆ. ಲೀಟರಿಗೆ ಹತ್ತು ಗ್ರಾಂ ಉಳಿದಾಗ ಈಸ್ಟ್ ದಣಿದಿರುತ್ತದೆ. ಸುತ್ತ ಆಲ್ಕೋಹಾಲ್ ಏರಿರುತ್ತದೆ, ತಿನ್ನಲು ಪೋಷಕಾಂಶ ತೀರಿರುತ್ತದೆ. ಹೊರಗೆ ಅಕ್ಟೋಬರಿನ ರಾತ್ರಿ ಬೆಟ್ಟದಿಂದ ಚಳಿ ಇಳಿಸುತ್ತದೆ. ಆಗ ಹುದುಗು ನಿಂತರೆ ಮತ್ತೆ ಹೊತ್ತಿಸುವುದು ಬಲು ಕಷ್ಟ, ಉಳಿದ ಸಕ್ಕರೆಗೆ ಬೇಡದ ಜೀವಿಗಳು ಮುತ್ತುತ್ತವೆ. ಆ ನಾಲ್ಕೈದು ರಾತ್ರಿ ತಾಪಮಾನವನ್ನು 18ಕ್ಕೆ ಏರಲು ಬಿಡುತ್ತೇನೆ, ತಳದ ಈಸ್ಟನ್ನು ಮೆಲ್ಲಗೆ ಕಲಕಿ ಎಬ್ಬಿಸುತ್ತೇನೆ. ಮೊದಲ ವಾರದಲ್ಲಿ ಪೋಷಣೆ ಸರಿ ಕೊಟ್ಟಿದ್ದರೆ ಈ ಕೊನೆಯ ವಾರ ಹಗುರ. ಮುಗಿದ ಮೇಲೆ ಟ್ಯಾಂಕು ಕಂಠದವರೆಗೆ ತುಂಬಿರಬೇಕು. ಮೇಲೆ ಗೇಣಷ್ಟು ಗಾಳಿ ಉಳಿದರೂ ವೈನ್ ಮಂಕಾಗುತ್ತದೆ.

6. ಒಬ್ಬರೇ ಇಳಿಯಬೇಡಿ

ಹುದುಗುವ ರಸ ಬಿಡುವ ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಭಾರ. ಬಣ್ಣವಿಲ್ಲ, ವಾಸನೆಯಿಲ್ಲ. ತಗ್ಗು ಕೋಣೆಯಲ್ಲಿ, ಖಾಲಿ ಮಾಡಿದ ಟ್ಯಾಂಕಿನಲ್ಲಿ, ಕ್ವೆವ್ರಿಯ ಹೊಟ್ಟೆಯಲ್ಲಿ ನೀರಿನಂತೆ ನಿಂತಿರುತ್ತದೆ. ಹಳಬರು ದೀಪ ಇಳಿಸಿ ನೋಡುತ್ತಿದ್ದರು. ದೀಪ ಉರಿಯಿತೆಂದು ಧೈರ್ಯ ಮಾಡಬಾರದು, ಏಕೆಂದರೆ ಬೆಂಕಿ ಆರದಷ್ಟು ಅನಿಲವೂ ಮನುಷ್ಯನನ್ನು ಕೆಡವಬಲ್ಲದು. ಮೀಟರ್ ಇಟ್ಟು ಅಳೆಯಿರಿ, ಫ್ಯಾನಿನಿಂದ ಗಾಳಿ ಹಾಯಿಸಿ, ಮೇಲೊಬ್ಬರು ನಿಂತಿರಲಿ. ಒಳಗೆ ಬಿದ್ದವರನ್ನು ಎತ್ತಲು ಹಾಗೆಯೇ ಹಾರಿದವರೂ ಸಾಯುತ್ತಾರೆ. ನಮ್ಮ ಕಡೆ ಹಾಳುಬಾವಿಗೆ ಇಳಿದವರಿಗೆ ಆಗುವುದೂ ಇಂಥದ್ದೇ. ಹೊಸ ಹುಡುಗರು ಬಂದ ದಿನ ನಾನು ಹೇಳುವ ಮೊದಲ ಮಾತು ಇದು, ವೈನಿನ ಮಾತು ಆಮೇಲೆ.

7. ಸ್ವಲ್ಪ ಮ್ತ್ಸ್ವಾನೆ ಸಾಕು

ತ್ಸಿನಂದಾಲಿಗೆ ರ್ಕತ್ಸಿತೆಲಿಯ ಜತೆ ‘ಕಾಖುರಿ ಮ್ತ್ಸ್ವಾನೆ’ ಎಂಬ ತಳಿಯನ್ನು ಶೇಕಡಾ 15ರವರೆಗೆ ಸೇರಿಸುತ್ತಾರೆ. ಮ್ತ್ಸ್ವಾನೆ ಎಂದರೆ ಹಸಿರು. ರ್ಕತ್ಸಿತೆಲಿ ಬೆನ್ನೆಲುಬು ಕೊಟ್ಟರೆ ಇದು ಪೀಚ್ ಹಣ್ಣು, ಬಿಳಿ ಹೂಗಳ ಪರಿಮಳ ಕೊಡುತ್ತದೆ. ನಾನೊಮ್ಮೆ ಲ್ಯಾಬಿನಲ್ಲಿ ಶೇಕಡಾ 30ರ ಮಿಶ್ರಣ ಮಾಡಿ ಬಿಡ್ಜಿಯಾರಿಗೆ ಕೊಟ್ಟೆ. ಮೂಸಿ ನೋಡಿ ಮೆಚ್ಚಿದರು, ಕುಡಿದು ಲೋಟ ಕೆಳಗಿಟ್ಟರು. ಮೂಗಿಗೆ ಬಂದದ್ದು ಬಾಯಲ್ಲಿ ಇರಲಿಲ್ಲ. ಒಗ್ಗರಣೆಗೆ ಇಂಗು ಹಾಕುವ ಕೈ ಬೇಕು ಇದಕ್ಕೆ.

8. ಉಗುಳುವುದನ್ನು ಕಲಿಯಿರಿ, ಊಟದ ಮನೆಯಲ್ಲಿ ಮೊದಲೇ ಹೇಳಿಬಿಡಿ

ದಿನಕ್ಕೆ ಮೂವತ್ತು ನಲವತ್ತು ಮಾದರಿ ಬಾಯಿಗೆ ಹಾಕುವ ಕೆಲಸ ನಮ್ಮದು. ಪ್ರತಿಯೊಂದನ್ನೂ ಉಗುಳಬೇಕು. ಈ ಕಸುಬಿನಲ್ಲಿ ಕುಡಿತಕ್ಕೆ ಬಿದ್ದು ಹಾಳಾದವರನ್ನು ನಾನು ನೋಡಿದ್ದೇನೆ, ಆದ್ದರಿಂದ ಈ ಮಾತಿನಲ್ಲಿ ಸಡಿಲ ಬಿಡುವುದಿಲ್ಲ.

‘ಸುಪ್ರಾ’ ಎಂಬ ಜಾರ್ಜಿಯನ್ ಔತಣ ಬೇರೆಯೇ ಲೋಕ. ‘ತಮಾದಾ’ ಎಂಬ ಹಿರಿಯ ಎದ್ದು ದೇಶಕ್ಕೆ, ಅಗಲಿದವರಿಗೆ, ಮಕ್ಕಳಿಗೆ ಒಂದೊಂದಾಗಿ ಮಾತು ಅರ್ಪಿಸುತ್ತಾನೆ. ಪ್ರತಿ ಮಾತಿಗೂ ‘ಗಾಉಮಾರ್ಜೋಸ್’ ಎಂದು ಲೋಟ ಎತ್ತಬೇಕು. ಕೂರುವ ಮೊದಲೇ ತಮಾದಾನ ಕಿವಿಯಲ್ಲಿ ‘ನಾನು ತುಟಿಗೆ ತಾಗಿಸುತ್ತೇನೆ, ಬರಿದು ಮಾಡುವುದಿಲ್ಲ’ ಎಂದರೆ ಅವನೇ ನಮ್ಮನ್ನು ಕಾಯುತ್ತಾನೆ. ಅಗಲಿದವರ ಹೆಸರು ಬಂದಾಗ ಮೇಜಿನ ಸುತ್ತ ಕವಿಯುವ ಮೌನಕ್ಕೆ ವೈನ್ ಬರೀ ನೆಪ. ಅಂಥ ಒಂದು ರಾತ್ರಿ ನನ್ನ ಅಜ್ಜಿಯ ಹೆಸರನ್ನೂ ಹೇಳಿಸಿದರು.

9. ಎಣ್ಣೆಗಾಯಿ ಕಲಿಸಿದ್ದು

ಅಲ್ಲಿ ಬದನೆಕಾಯಿಯನ್ನು ಸೀಳಿ ಹುರಿದು, ಅಕ್ರೋಟು, ಬೆಳ್ಳುಳ್ಳಿ, ಒಂದು ಬಗೆಯ ಮೆಂತ್ಯ ಅರೆದ ಮಸಾಲೆಯನ್ನು ಒಳಗಿಟ್ಟು ಸುರುಳಿ ಸುತ್ತುತ್ತಾರೆ. ಮೊದಲ ಸಲ ತಿಂದಾಗ ನನಗೆ ಮನೆಯೇ ನೆನಪಾಯಿತು. ಮರುವಾರ ಅವರಿಗೆ ನಮ್ಮ ಎಣ್ಣೆಗಾಯಿ ಮಾಡಿದೆ: ಶೇಂಗಾ, ಎಳ್ಳು, ಗುರೆಳ್ಳು, ಊರಿಂದ ತಂದ ಖಾರಪುಡಿ ಧಾರಾಳ. ತ್ಸಿನಂದಾಲಿ ಸುರಿದುಕೊಟ್ಟೆ. ಎಲ್ಲರ ಬಾಯಿ ಉರಿಯಿತು, ವೈನಿಗೆ ರುಚಿಯೇ ಇರಲಿಲ್ಲ. ಆಲ್ಕೋಹಾಲ್ ಖಾರದ ಉರಿಯನ್ನು ಏರಿಸುತ್ತದೆ; ತಣಿಸಲು ಈ ವೈನಿನಲ್ಲಿ ಸಿಹಿಯೂ ಇಲ್ಲ. ಇನ್ನೊಮ್ಮೆ ಖಾರವನ್ನು ಕಾಲುಭಾಗಕ್ಕೆ ಇಳಿಸಿ, ಶೇಂಗಾ ಎಳ್ಳು ಹೆಚ್ಚಿಸಿ ಮಾಡಿದೆ. ಆಗ ಎಣ್ಣೆಯ ಜಿಡ್ಡನ್ನು ವೈನಿನ ಹುಳಿ ಒಂದೊಂದು ಗುಟುಕಿಗೂ ತೊಳೆದುಕೊಡುತ್ತಿತ್ತು, ಎಳ್ಳಿನ ಕಂಪು ಮೇಲೆ ಬಂತು. ಹೊಳೆಮೀನು, ಹುರಿದ ಕೋಳಿ, ಉಪ್ಪುಪ್ಪಾದ ಚೀಸ್ ಈ ವೈನಿಗೆ ಹೇಳಿ ಮಾಡಿಸಿದ ಜತೆ.

ಕೊಡುವಾಗ 10ರಿಂದ 12 ಡಿಗ್ರಿ ಇರಲಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಸುರಿದರೆ ಬರೀ ತಂಪು, ಪರಿಮಳವಿಲ್ಲ. ಇಪ್ಪತ್ತು ನಿಮಿಷ ಹೊರಗಿಡಿ. ನಮ್ಮೂರ ಏಪ್ರಿಲ್ ಬಿಸಿಲಾದರೆ ಹತ್ತೇ ಸಾಕು.

10. ಬಾಟಲಿಯ ತಳದ ಹರಳನ್ನು ಕಂಡು ಹೆದರಬೇಡಿ

ಡ್ರೈ ವೈಟ್ ತಂಪಿನಲ್ಲಿ ಬಹಳ ದಿನ ಇದ್ದರೆ ತಳದಲ್ಲಿ, ಬಿರಡೆಯ ಕೆಳಗೆ ಬಿಳಿ ಹರಳು ಕೂರುವುದುಂಟು. ಗಿರಾಕಿಗಳು ಸಕ್ಕರೆ ಬೆರೆಸಿದ್ದಾರೆ, ಗಾಜು ಒಡೆದಿದೆ ಎಂದು ಬಾಟಲಿ ಹಿಂದಿರುಗಿಸುತ್ತಾರೆ. ಟಾರ್ಟಾರಿಕ್ ಆಮ್ಲ ಹಣ್ಣಿನ ಪೊಟ್ಯಾಸಿಯಂ ಜತೆ ಸೇರಿ ತಂಪಿಗೆ ಹರಳುಗಟ್ಟಿದ್ದು ಅದು. ಕುಡಿದರೂ ಕೇಡಿಲ್ಲ. ಬಾಟಲಿಗೆ ತುಂಬುವ ಮೊದಲೇ ಟ್ಯಾಂಕನ್ನು ಸೊನ್ನೆ ಡಿಗ್ರಿಯ ಆಸುಪಾಸಿಗೆ ತಣಿಸಿ ಹರಳನ್ನು ಇಳಿಸಿಬಿಡುವುದು ನಮ್ಮ ರೂಢಿ. ಆದರೂ ಅಷ್ಟಿಷ್ಟು ಉಳಿಯುತ್ತದೆ.

ಈ ಆಮ್ಲದ ಕಥೆ ಬಹಳ ಹಳೆಯದು. ತ್ಬಿಲಿಸಿಯ ದಕ್ಷಿಣಕ್ಕಿರುವ ಗದಾಚ್ರಿಲಿ ಗೋರಾ, ಶುಲಾವೇರಿ ಗೋರಾ ಎಂಬ ದಿಬ್ಬಗಳಲ್ಲಿ ಅಗೆದಾಗ ಸಿಕ್ಕ ಮಡಕೆ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಕ್ರಿ.ಪೂ. 6000ರಿಂದ 5800ರ ಹೊತ್ತಿಗೇ ಅಲ್ಲಿ ದ್ರಾಕ್ಷಿಯ ವೈನ್ ಇತ್ತು ಎಂದು 2017ರಲ್ಲಿ ಪ್ರಕಟಿಸಿದರು. ಮಣ್ಣು ಎಂಟು ಸಾವಿರ ವರ್ಷ ಹೀರಿಟ್ಟುಕೊಂಡಿದ್ದ ಮುಖ್ಯ ಸಾಕ್ಷಿ ಇದೇ ಟಾರ್ಟಾರಿಕ್ ಆಮ್ಲ. ಈ ಸುದ್ದಿ ಓದಿದ ದಿನ ನಾನು ಮೂರನೆಯ ಸುಗ್ಗಿಯ ಆ ಟ್ಯಾಂಕನ್ನು ನೆನೆದು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಹೋದ ಸಲ ಊರಿಗೆ ಬಂದಾಗ ತಂದ ಒಂದು ಬಾಟಲಿ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಉಳಿಯಿತು. ಅಪ್ಪ ಅವ್ವ ಇಬ್ಬರೂ ಮುಟ್ಟುವವರಲ್ಲ. ನೆಂಟರಿಗಾಗಿ ತೆಗೆದಾಗ ಅವ್ವ ತಳ ನೋಡಿ, “ಗಾಜಿನ ಚೂರ ಅದಾವೋ, ಚೆಲ್ಲು” ಅಂದಳು. ಬಾಟಲಿ ಬರಿದಾದ ಮೇಲೆ ಎರಡು ಹರಳು ತೆಗೆದು ನೀರಲ್ಲಿ ಜಾಲಿಸಿ ಅವಳ ಅಂಗೈ ಮೇಲಿಟ್ಟೆ. ಅನುಮಾನದಿಂದಲೇ ನಾಲಿಗೆಯ ತುದಿಗೆ ಮುಟ್ಟಿಸಿದಳು. ಒಂದು ಗಳಿಗೆ ತಡೆದು ಅಪ್ಪನ ಕಡೆ ತಿರುಗಿದಳು.

“ಹುಣಸಿಹಣ್ಣಿನ ಹುಳಿ ಐತ್ರೀ ಇದು.”

ಹುಣಸೆಯಲ್ಲಿರುವುದೂ ಅದೇ ಆಮ್ಲ ಎಂದು ನಾನು ಹೇಳುವಷ್ಟರಲ್ಲಿ ಅಪ್ಪ ಇನ್ನೊಂದು ಹರಳಿಗೆ ಕೈ ಚಾಚಿದ್ದರು.